ಹದಿಮೂರು ರೂಪಾಯಿ ಮತ್ತು ಅಕ್ಕನ ಚೀಟಿ

ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನ ಒಳಗೆ ನಾನು ಯಾವತ್ತೂ ಹೋಗಿಲ್ಲ. ಆದರೂ ಅಲ್ಲಿನ ಒಂದು ಲೆಕ್ಕದ ಪುಸ್ತಕದ ಕತೆ ಕಂಟೋನ್ಮೆಂಟಿನ ಕಡೆ ಓಡಾಡುವವರ ಕಿವಿಗೆ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. 1899ರ ಜೂನ್ ತಿಂಗಳ ಆ ಪುಟದಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯಿದೆ. ಅದರಲ್ಲೊಂದು ಹೆಸರು ಲೆಫ್ಟಿನೆಂಟ್ ಚರ್ಚಿಲ್. ಅದರ ಮುಂದೆ 13 ರೂಪಾಯಿ.

ವಿನ್‌ಸ್ಟನ್ ಚರ್ಚಿಲ್ ನಾಲ್ಕನೇ ಹುಸಾರ್ಸ್ ಎಂಬ ಕುದುರೆ ಪಡೆಯೊಂದಿಗೆ 1896ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 21. ಪೋಲೋ ಆಡುತ್ತಿದ್ದ, ಮಧ್ಯಾಹ್ನದ ಬಿಸಿಲಿನಲ್ಲಿ ಗಿಬ್ಬನ್ ಓದುತ್ತಿದ್ದ, ಕೈಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದ್ದ. 1930ರಲ್ಲಿ ಬಂದ ‘ಮೈ ಅರ್ಲಿ ಲೈಫ್’ ಪುಸ್ತಕದಲ್ಲಿ ಇಲ್ಲಿನ ಲೇವಾದೇವಿಯವರನ್ನು ಅವನು ತಮಾಷೆಯಾಗಿ ನೆನೆಯುತ್ತಾನೆ. ಒಂದು ಚೂರು ಕಾಗದಕ್ಕೆ ಸಹಿ ಹಾಕಿದರೆ ಸಾಕಿತ್ತಂತೆ, ಹಣ ಬರುತ್ತಿತ್ತು. ಬಡ್ಡಿ ತಿಂಗಳಿಗೆ ಶೇಕಡಾ 2. ಆಮೇಲೆ ಈ ದೇಶದ ಪಾಲಿಗೆ ಅವನು ಏನಾದ ಎಂಬುದು ಬೇರೆಯೇ ಕತೆ. ನನಗೆ ಈಚೆಗೆ ಅವನು ನೆನಪಾಗುತ್ತಿರುವುದು ಪರದೇಶದಲ್ಲಿ ಇನ್ನೊಬ್ಬರ ನಂಬಿಕೆಯ ಮೇಲೆ ಖರ್ಚು ಮಾಡಿದ ಹುಡುಗನಾಗಿ. ಅವನಿಗೆ ಬೆಂಗಳೂರು ಪರದೇಶ. ನನಗೆ ಜರ್ಮನಿಯ ಲೈಪ್‌ಜಿಗ್.

2024ರ ಜೂನ್‌ನಲ್ಲಿ ಅಲ್ಲೊಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಲು ನನಗೆ ಕರೆ ಬಂತು. ನಾಲ್ಕು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ವಿಮಾನದ ಟಿಕೆಟ್‌ಗೆ 61 ಸಾವಿರ ಬೇಕಿತ್ತು. ಅದು ವಾಪಸ್ ಬರುವುದು ಹೋಗಿಬಂದು ರಸೀದಿ ಕೊಟ್ಟ ಮೇಲೆ, ಅದೂ ಎಷ್ಟೋ ತಿಂಗಳಿಗೆ. ಕೆ.ಆರ್. ಪುರದಲ್ಲಿರುವ ಅಕ್ಕ ತನ್ನ ಕ್ರೆಡಿಟ್ ಕಾರ್ಡಿಗೆ ನನ್ನ ಹೆಸರಿನಲ್ಲಿ ಒಂದು ಆಡ್-ಆನ್ ಕಾರ್ಡ್ ಮಾಡಿಸಿಕೊಟ್ಟಳು. "ಅಲ್ಲಿ ಹೋಗಿ ಹೊಟ್ಟೆ ಕಟ್ಟಿಕೊಂಡು ಕೂರಬೇಡ ಕಣೇ" ಎಂದಳು. ಶಿವಾಜಿನಗರದ ಹತ್ತಿರ ಹಣ ಬದಲಿಸುವ ಅಂಗಡಿಯೊಂದರಲ್ಲಿ ಚೌಕಾಸಿ ಮಾಡಿ 100 ಯೂರೋ ನಗದು ತೆಗೆದುಕೊಂಡೆ. ಮಿಕ್ಕಿದ್ದಕ್ಕೆ ನನ್ನ ಡೆಬಿಟ್ ಕಾರ್ಡ್ ಇದೆಯಲ್ಲ ಎಂದುಕೊಂಡೆ.

ಆ ಡೆಬಿಟ್ ಕಾರ್ಡ್ ಅಲ್ಲಿ ಕೆಲಸ ಮಾಡಲಿಲ್ಲ. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ ನಮ್ಮ ಕಾರ್ಡುಗಳು ಕೈಗೆ ಬರುವಾಗ ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ಹೊರದೇಶದ ಬಳಕೆಯನ್ನು ನಾವೇ ಚಾಲೂ ಮಾಡಿಕೊಳ್ಳಬೇಕು. ನಾನು ಮಾಡಿರಲಿಲ್ಲ. ಅಲ್ಲಿಂದಲೇ ಮಾಡೋಣವೆಂದರೆ ಓಟಿಪಿ ಬರುವುದು ಇಲ್ಲಿನ ಸಿಮ್‌ಗೆ, ಅದಕ್ಕೆ ರೋಮಿಂಗ್ ಹಾಕಿಸಿರಲಿಲ್ಲ. ಅಲ್ಲಿನ ಬೇಕರಿಗಳಲ್ಲಿ, ಸಣ್ಣ ಅಂಗಡಿಗಳಲ್ಲಿ ನಗದೇ ಬೇಕು. ಮೂರನೆಯ ದಿನ ಅಕ್ಕನ ಕಾರ್ಡನ್ನು ಎಟಿಎಂಗೆ ತೂರಿಸಿ 200 ಯೂರೋ ಕೇಳಿದೆ. ಯೂರೋದಲ್ಲೇ ಲೆಕ್ಕ ಹಾಕಲೋ ರೂಪಾಯಿಯಲ್ಲಿ ಹಾಕಲೋ ಎಂದು ಪರದೆ ಕೇಳಿತು. ಪರಊರಲ್ಲಿ ರೂಪಾಯಿ ಎಂಬ ಹೆಸರು ಕಂಡದ್ದೇ ಒಂದು ನೆಮ್ಮದಿ. ರೂಪಾಯಿ ಒತ್ತಿದೆ.

ಆ ನೆಮ್ಮದಿಯ ಬೆಲೆ ಆಮೇಲೆ ಗೊತ್ತಾಯಿತು. ಯೂರೋಗೆ 90 ರೂಪಾಯಿ ನಡೆಯುತ್ತಿದ್ದ ದಿನ ಆ ಯಂತ್ರ 97ರಂತೆ ಹಿಡಿದಿತ್ತು; ಅಲ್ಲಿಗೆ 1,400 ರೂಪಾಯಿ ಹೋಯಿತು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದದ್ದಕ್ಕೆ 500 ರೂಪಾಯಿ ಶುಲ್ಕ. ಸಾಮಾನು ಕೊಂಡರೆ ಬಿಲ್ಲಿನ ಗಡುವಿನವರೆಗೆ ಬಡ್ಡಿಯಿಲ್ಲ; ನಗದು ತೆಗೆದರೆ ಅದೇ ದಿನದಿಂದ ಬಡ್ಡಿ ಶುರು, ತಿಂಗಳಿಗೆ ಶೇಕಡಾ 3.5. ಚರ್ಚಿಲ್ಲನ ಲೇವಾದೇವಿಯವನೇ ವಾಸಿ! 40 ದಿನಕ್ಕೆ 900 ಚಿಲ್ಲರೆ, ಶುಲ್ಕಕ್ಕೂ ಬಡ್ಡಿಗೂ ಸೇರಿ ಜಿಎಸ್‌ಟಿ. ಒಟ್ಟು ಮೂರು ಸಾವಿರ ರೂಪಾಯಿ ಸುಮ್ಮನೆ ಕೈಬಿಟ್ಟಿತ್ತು. ಓದುಗರಲ್ಲಿ ಯಾರಾದರೂ ಹೊರಡುವವರಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ: ಹೊರಡುವ ಮುನ್ನ ಡೆಬಿಟ್ ಕಾರ್ಡನ್ನು ಚಾಲೂ ಮಾಡಿಸಿಕೊಳ್ಳಿ, ಯಂತ್ರ ಕೇಳಿದಾಗ ಆ ಊರಿನ ಹಣವನ್ನೇ ಒತ್ತಿ, ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಬೇಡಿ.

ಇಷ್ಟೇ ಆಗಿದ್ದರೆ ಇದು ಬರೆಯುವ ಸಂಗತಿಯಾಗುತ್ತಿರಲಿಲ್ಲ.

2001ರಲ್ಲಿ ಎಂಐಟಿಯ ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟುಗಳನ್ನು ವಿದ್ಯಾರ್ಥಿಗಳ ನಡುವೆ ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕೆಂದೂ ಕೆಲವರಿಗೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕೆಂದೂ ಹೇಳಿದರು. ಟಿಕೆಟ್ಟು ಅದೇ, ಆದರೆ ಕಾರ್ಡಿನವರು ಎಷ್ಟೋ ಹೆಚ್ಚು ಕೂಗಿದರು. ಕಾರ್ಡು ಖರ್ಚಿನ ನೋವನ್ನು ಮರೆಸುತ್ತದೆ ಎನ್ನುವ ಮಾತಿಗೆ ಇದನ್ನು ಸಾಕ್ಷಿಯಾಗಿ ಕೊಡುವುದುಂಟು. ಆದರೆ ನನ್ನ ವಿಷಯದಲ್ಲಿ ನೋವು ಮರೆತುಹೋಗಿರಲಿಲ್ಲ, ವಿಳಾಸ ಬದಲಿಸಿತ್ತು. ಲೈಪ್‌ಜಿಗ್‌ನಲ್ಲಿ ರಾತ್ರಿ ಎಂಟಕ್ಕೆ ನಾನು ಕಾಫಿ ಕುಡಿದರೆ ಕೆ.ಆರ್. ಪುರದಲ್ಲಿ ರಾತ್ರಿ ಹನ್ನೊಂದೂವರೆಗೆ ಅಕ್ಕನ ಫೋನು ಟಿಣ್ ಎನ್ನುತ್ತಿತ್ತು. ಆಡ್-ಆನ್ ಕಾರ್ಡಿನ ಮೇಲೆ ಅಚ್ಚಾಗಿರುವುದು ನನ್ನ ಹೆಸರು, ಪಿನ್ ಒತ್ತುವುದು ನನ್ನ ಬೆರಳು. ಬಾಕಿಗೆ ಹೊಣೆ ಮಾತ್ರ ಮೂಲ ಕಾರ್ಡುದಾರರದ್ದು. ಕ್ಲಬ್ಬಿನ ಪುಸ್ತಕದಲ್ಲಿ ಕನಿಷ್ಠ ತಿಂದವನ ಹೆಸರಿನ ಮುಂದೆಯೇ ಬಾಕಿಯಿದೆ. ನನ್ನ ಬಾಕಿ ಇನ್ನೊಬ್ಬಳ ಹೆಸರಿನಲ್ಲಿತ್ತು.

ವಾಪಸ್ ಬಂದ ಮೇಲೆ ನಾನು ಬಿಲ್ಲಿನ ಬಗ್ಗೆ ಎರಡು ಸಲ ಕೇಳಿದೆ. ಎರಡೂ ಸಲ ಅಕ್ಕ "ಆಯ್ತು ಬಿಡೇ, ಕಟ್ಟಿದೀನಿ" ಎಂದಳು. ಮೂರನೆಯ ಸಲ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಕೇಳದಿರುವುದು ನನಗೆ ಹಿತವಾಗಿತ್ತು.

ದಸರೆಗೆ ಅವಳ ಮನೆಗೆ ಹೋದಾಗ ಪಕ್ಕದ ಮನೆಯ ಆಂಟಿ ಮಾತಿನ ನಡುವೆ, "ನಿಮ್ಮಕ್ಕ ಪಾಪ ಅಷ್ಟು ಬೇಗ ಚೀಟಿ ಎತ್ತಬಾರದಿತ್ತಮ್ಮ" ಎಂದರು. ಆ ಬೀದಿಯ ಇಪ್ಪತ್ತು ಹೆಂಗಸರು ಸೇರಿ ತಿಂಗಳಿಗೆ 5 ಸಾವಿರದಂತೆ ನಡೆಸುವ ಒಂದು ಲಕ್ಷದ ಚೀಟಿ ಅದು. ಕೊನೆಯವರೆಗೆ ಕಾದವರಿಗೆ ಹೆಚ್ಚುಕಡಿಮೆ ಪೂರ್ತಿ ಹಣ. ಮೊದಲೇ ಬೇಕೆಂದವರು ಕೂಗಿ, ಒಂದಿಷ್ಟು ಬಿಟ್ಟುಕೊಟ್ಟು ಎತ್ತಬೇಕು. ಬಿಟ್ಟ ಹಣ ಎಲ್ಲರಿಗೂ ಹಂಚಿಹೋಗುತ್ತದೆ. ಅಕ್ಕ ಕೊನೆಯವರೆಗೆ ಕಾಯುವವಳಿದ್ದಳು. ಟಿಕೆಟ್ಟು, ನಗದು, ಬಡ್ಡಿ ಎಲ್ಲ ಸೇರಿ 84 ಸಾವಿರ ದಾಟಿದ ಬಿಲ್ಲನ್ನು ಕಟ್ಟಲು ಒಂಬತ್ತನೇ ತಿಂಗಳಿಗೇ, 14 ಸಾವಿರ ಬಿಟ್ಟು, 86 ಸಾವಿರಕ್ಕೆ ಎತ್ತಿದ್ದಳು.

ನಾನು ಮೂರು ಸಾವಿರದ ಲೆಕ್ಕ ಹಾಕಿ ಬೇಜಾರು ಮಾಡಿಕೊಂಡು ಕೂತಿದ್ದೆ. ನಿಜವಾದ ಲೆಕ್ಕ ನಾನು ನೋಡದ ಪುಸ್ತಕದಲ್ಲಿತ್ತು.

ನನಗೆ ಗೊತ್ತಿರಲಿಲ್ಲ ಎನ್ನುವುದು ಸಮಾಧಾನವಾದೀತೇ? ಗೊತ್ತಾಗದಿರುವುದು ಬೇರೆ, ಗೊತ್ತುಮಾಡಿಕೊಳ್ಳದಿರುವುದು ಬೇರೆ. ಮೂರನೆಯ ಸಲ ಕೇಳದೆ ಸುಮ್ಮನಾದಾಗ ನಾನು ಎರಡನೆಯ ಗುಂಪಿಗೆ ಸೇರಿದೆ.

ಇಲ್ಲಿ ಕನ್ನಡದ ಎರಡು ಮಾತುಗಳು ನನ್ನನ್ನು ಕಾಡುತ್ತವೆ: ಸಾಲ ಮತ್ತು ಋಣ. ಸಾಲಕ್ಕೆ ಅಳತೆಯಿದೆ, ಗಡುವಿದೆ, ತೀರಿಸಿದರೆ ಮುಗಿಯಿತು. ಋಣಕ್ಕೆ ಅಳತೆಯಿಲ್ಲ, ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ತೀರಿಸುವ ಮಾತೇ ಬರುವುದಿಲ್ಲ, ನೆನೆಯುವ ಮಾತು ಬರುತ್ತದೆ. ನಾವು ಜಾಣರು. ಸಾಲ ತೀರಿಸಲು ಮನಸ್ಸಿಲ್ಲದಾಗ ಅದನ್ನು ಋಣ ಎಂದು ಕರೆಯುತ್ತೇವೆ: "ಅಕ್ಕನ ಋಣ ಯಾವ ಜನ್ಮಕ್ಕೆ ತೀರೀತು!" ಹೀಗೆಂದ ಮೇಲೆ 14 ಸಾವಿರದ ಮಾತು ಎತ್ತುವುದೇ ಸಣ್ಣತನವಾಗಿ ಕಾಣುತ್ತದೆ. ಆ ದೊಡ್ಡ ಮಾತಿನ ನೆರಳಿನಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಅಕ್ಕಂದಿರ ಚೀಟಿಗಳು ಹೀಗೆ ಕರಗಿಲ್ಲ?

ತಿರುಗುಮುರುಗಾದ ತಪ್ಪೂ ಇದೆ, ಅದನ್ನೂ ನಾನೇ ಮಾಡಿದೆ. ತಡವಾಗಿ ಬಂದ ಫೆಲೋಶಿಪ್ ಹಣದಲ್ಲಿ ಬಿಲ್ಲಿನ ಮೊತ್ತವನ್ನೂ 14 ಸಾವಿರವನ್ನೂ ಒಂದೇ ಏಟಿಗೆ ಅವಳ ಖಾತೆಗೆ ಹಾಕಿ ಹಗುರಾದೆ. ಅವಳು ಬಿಲ್ಲಿನ ಹಣ ಇಟ್ಟುಕೊಂಡು 14 ಸಾವಿರವನ್ನು ಅರ್ಧ ಗಂಟೆಯಲ್ಲಿ ವಾಪಸ್ ಕಳಿಸಿದಳು. ಫೋನು ಮಾಡಿದರೆ ಎತ್ತಲಿಲ್ಲ. ನಾನು ತೀರಿಸಲು ಹೊರಟಿದ್ದು ಸಾಲವನ್ನಲ್ಲ, ಅವಳ ಮುಂದೆ ತಲೆ ತಗ್ಗಿಸಬೇಕಾದ ಮುಜುಗರವನ್ನು ಎಂದು ಅವಳಿಗೆ ಗೊತ್ತಾಗಿತ್ತು.

ಈ ಗೊಂದಲ ಮನೆಯದಷ್ಟೇ ಅಲ್ಲ. ಹೊರದೇಶಕ್ಕೆ ಒಯ್ಯುವ ಹಣದ ಬಗ್ಗೆ ಸರ್ಕಾರವೂ ಇದೇ ಪ್ರಶ್ನೆಯ ಸುತ್ತ ತಿರುಗಿದೆ. 2004ರಲ್ಲಿ ಒಬ್ಬರಿಗೆ ವರ್ಷಕ್ಕೆ 25 ಸಾವಿರ ಡಾಲರ್ ಎಂದು ಶುರುವಾದ ಮಿತಿ ಈಗ ಎರಡೂವರೆ ಲಕ್ಷ ಡಾಲರ್. ಹೊರದೇಶದಲ್ಲಿ ಡೆಬಿಟ್ ಕಾರ್ಡಿನಿಂದ ಮಾಡಿದ ಖರ್ಚು ಈ ಲೆಕ್ಕಕ್ಕೆ ಸೇರುತ್ತದೆ, ಕ್ರೆಡಿಟ್ ಕಾರ್ಡಿನದು ಸೇರುತ್ತಿರಲಿಲ್ಲ. 2023ರ ಮೇ ತಿಂಗಳಲ್ಲಿ ಅದನ್ನೂ ಸೇರಿಸುವ ಆದೇಶ ಬಂತು, ಗದ್ದಲವಾಯಿತು, ಜೂನ್ ಕೊನೆಗೆ ಮುಂದೂಡಿದರು. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನನ್ನದೇ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಆ ಗಳಿಗೆಗೆ ಹೋಗುವುದು ಬ್ಯಾಂಕಿನ ಹಣ. ಖರ್ಚಾದ ಕ್ಷಣದಲ್ಲಿ ಅದು ಯಾರ ಹಣ? ಕಾನೂನು ಉತ್ತರವನ್ನು ಮುಂದೂಡಬಹುದು. ಅಕ್ಕ ತಂಗಿಯರು ಮುಂದೂಡಿದರೆ ಅದು ಒಳಗೊಳಗೇ ಬಡ್ಡಿ ಬೆಳೆಸುತ್ತದೆ.

ಕ್ರೆಡಿಟ್ ಎಂಬ ಮಾತಿನ ಬೇರು ಲ್ಯಾಟಿನ್ನಿನಲ್ಲಿ ನಂಬುವುದು ಎಂಬ ಅರ್ಥದ ಕ್ರಿಯಾಪದ. ಬ್ಯಾಂಕು ನಂಬಿದ್ದು ಅಕ್ಕನ ಸಂಬಳವನ್ನು. ಬೀದಿಯ ಹೆಂಗಸರು ನಂಬಿದ್ದು, ಚೀಟಿ ಎತ್ತಿದ ಮೇಲೂ ಉಳಿದ ಹನ್ನೊಂದು ತಿಂಗಳು ಅವಳು ಕಂತು ಕಟ್ಟುತ್ತಾಳೆ ಎಂಬುದನ್ನು. ಅಕ್ಕ ನಂಬಿದ್ದು ನನ್ನನ್ನು. ಮೊದಲ ಎರಡು ನಂಬಿಕೆಗಳನ್ನು ಅವಳು ಉಳಿಸಿಕೊಂಡಳು. ಮೂರನೆಯದನ್ನು ಉಳಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಚರ್ಚಿಲ್ಲನ ಬಾಕಿ ಈಗ ಬೆಂಗಳೂರಿನ ಹೆಮ್ಮೆಯ ಕತೆ. ಯಾರಾದರೂ ಆ 13 ರೂಪಾಯಿ ಕಟ್ಟುತ್ತೇನೆಂದರೂ ಕ್ಲಬ್ಬಿನವರು ಒಪ್ಪುವುದಿಲ್ಲ ಎನ್ನುತ್ತಾರೆ. ದೊಡ್ಡವರಾದವರ ಬಾಕಿ ಕಾಲ ಕಳೆದಂತೆ ಕುತೂಹಲವಾಗುತ್ತದೆ. ಅವನಿಗೆ ಬಡಿಸಿದವರ ಹೆಸರು ನಮಗಾರಿಗೂ ನೆನಪಿಲ್ಲ. ನಾನು ನಾಳೆ ಡಾಕ್ಟರೇಟ್ ಪಡೆದು ಎಲ್ಲೋ ಮೇಷ್ಟ್ರಾಗಿ ಈ ಕತೆಯನ್ನು ನಗುತ್ತಾ ಹೇಳುವ ದಿನ ಬರಬಾರದು ಅನ್ನಿಸಿತು.

ಮುಂದಿನ ಭಾನುವಾರ ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಹೋಗಿ, ಬಿಲ್ಲನ್ನೂ ಚೀಟಿಯ ಪುಸ್ತಕವನ್ನೂ ತೋರಿಸು ಎಂದೆ. ಇಬ್ಬರೂ ಕೂತು ಓದಿದೆವು. ಎಟಿಎಂನ ಸಾಲಿಗೆ ಬಂದಾಗ "ಇದೇನೇ ಇದು?" ಎಂದಳು. ರೂಪಾಯಿ ಒತ್ತಿದ ಕತೆ ಹೇಳಿದೆ. ನಕ್ಕಳು, ಆಮೇಲೆ ನನಗೆ ಬೈದಳು. ಅವಳು ಬೈದದ್ದು ಅದೇ ಮೊದಲು.

"ತಿಂಗಳಿಗೆ ಸಾವಿರದಂತೆ ಕೊಡ್ತೀನಿ ಅಕ್ಕ, ಬೇಡ ಅನ್ನಬೇಡ. ಬೇಡ ಅಂದ್ರೆ ನಾನು ಯಾವಾಗಲೂ ಚಿಕ್ಕವಳಾಗೇ ಉಳೀತೀನಿ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆಯ್ತು. ಆದ್ರೆ ಫೋನಲ್ಲಿ ಹಾಕಬೇಡ. ಬಂದು ಕೈಗೆ ಕೊಡು."

ಚೀಟಿಯ ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಹೆಸರು ಬರೆದು ಕೆಳಗೆ ಹದಿನಾಲ್ಕು ಗೆರೆ ಎಳೆದಳು. ಒಂಬತ್ತಕ್ಕೆ ಟಿಕ್ ಬಿದ್ದಿದೆ, ಇನ್ನು ಐದಿದೆ. ಹೋದ ತಿಂಗಳು ಕೈಯಲ್ಲಿ ಐನೂರೇ ಇತ್ತು. ಅದನ್ನು ಇಸಿದುಕೊಂಡು, ಗೆರೆಯ ಮೇಲೆ ಅರ್ಧ ಟಿಕ್ ಹಾಕಿ, ತಟ್ಟೆಗೆ ಇನ್ನೊಂದು ಚಪಾತಿ ಬಡಿಸಿದಳು.