ಗೃಹವಿಕ್ರಯದಲ್ಲಿ ಮೌನವು ಧರ್ಮವೇ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟಿರುವರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಕಟ್ಟಿದವನಿಗೆ ತನ್ನ ಮನೆಯ ದೋಷವು ಕಟ್ಟುವಾಗಲೇ ತಿಳಿದಿರುವದು. ಕೊಂಡವನಿಗೆ ಅದು ಹಣ ಕೊಟ್ಟ ತರುವಾಯ ತಿಳಿಯುವದು. ಈ ಅಂತರದಲ್ಲಿ ಒಂದು ಧರ್ಮಪ್ರಶ್ನೆಯು ಅಡಗಿರುವದು. ಅದನ್ನು ವಾಚಕರ ಮುಂದಿಡಲು ನನ್ನ ಸ್ವಾನುಭವವೇ ಕಾರಣವು.

ಶಾಲೆಯ ಸೇವೆಯಿಂದ ನಿವೃತ್ತನಾದ ವರ್ಷ ನಾನು ಹಾರೂಗೇರಿಯಲ್ಲಿ ಒಂದು ಹಳೆಯ ಮನೆಯನ್ನು ಕೊಂಡೆನು. ನೋಡಿದ್ದು ಚೈತ್ರಮಾಸದಲ್ಲಿ. ಗೋಡೆಗಳು ಹೊಸ ಸುಣ್ಣದಿಂದ ಬೆಳ್ಳಗೆ ಹೊಳೆಯುತ್ತಿದ್ದವು. ಉತಾರವನ್ನು ಓದಿದೆನು, ಋಣಭಾರ ಪ್ರಮಾಣಪತ್ರವನ್ನು ತೆಗೆಯಿಸಿದೆನು. ಕಾಗದಗಳಲ್ಲಿ ಒಂದು ಕಲೆಯೂ ಇರಲಿಲ್ಲ. ಭಾದ್ರಪದದ ಮಳೆಗೆ ಗೋಡೆಯ ಬುಡದಿಂದ ಮೊಳದೆತ್ತರ ತೇವವೇರಿತು. ಪಡಸಾಲೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕು ಮುಚ್ಚದಾಯಿತು. ಫಾಲ್ಗುಣದ ಹೊತ್ತಿಗೆ ಈಶಾನ್ಯದ ಮೂಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು ತೆರೆಯಿತು. ಹಿಂದೆ ಅದರಲ್ಲಿ ಸಿಮೆಂಟು ತುಂಬಿ ಮೇಲೆ ಸುಣ್ಣ ಬಳಿದಿದ್ದರು. ನೆರೆಯವರು ಬಂದು ನೋಡಿ, “ಇದು ಊರಿಗೇ ಗೊತ್ತದ, ಗುರುಗಳೇ. ನಿಮಗೂ ಗೊತ್ತಿದ್ದೇ ತಗೊಂಡೀರಿ ಅಂತ ತಿಳಕೊಂಡಿದ್ದೆ,” ಎಂದರು.

ಕಾರಣವು ಗೂಢವಾದದ್ದಲ್ಲ. ಎರೆಮಣ್ಣು ನೀರು ಕುಡಿದಾಗ ಉಬ್ಬುವದು, ಬಿಸಿಲಿಗೆ ಒಣಗಿದಾಗ ಕುಗ್ಗಿ ಸೀಳುವದು. ಬುನಾದಿಯನ್ನು ಆಳಕ್ಕೆ ಒಯ್ಯದೆ, ಅಡಿಯ ಎರೆಯನ್ನು ತೆಗೆದು ಮುರುಮ ತುಂಬದೆ ಕಟ್ಟಿದ ಮನೆಯು ಈ ಉಬ್ಬುಕುಗ್ಗಿನೊಡನೆ ವರ್ಷಕ್ಕೊಮ್ಮೆ ಅಲುಗುವದು. ಅದಲ್ಲದೆ ಕಾಲುವೆಯ ನೀರಾವರಿಯು ಹೆಚ್ಚಿದಲ್ಲಿ ಅಂತರ್ಜಲವು ಮೇಲೇರುವದು. ಆ ನೀರು ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ಗೋಡೆಯಲ್ಲಿ ಏರಿ, ಸವಳನ್ನು ಬಿಟ್ಟು ಆರಿಹೋಗುವದು. ಸುಣ್ಣವು ಇದನ್ನು ನಿಲ್ಲಿಸದು. ಒಂದು ಬೇಸಿಗೆಯ ಮಟ್ಟಿಗೆ ಮರೆಮಾಡುವದು.

ಈಗ ಪ್ರಶ್ನೆ. ನಾನು ಕೇಳಲಿಲ್ಲ, ಮಾರಿದವರು ಹೇಳಲಿಲ್ಲ. ಅವರು ಸುಳ್ಳಾಡಿದರೆಂದು ನಾನು ಹೇಳಬಹುದೇ?

ಈ ವಿವಾದವು ಹಳೆಯದು. ರೋಮಿನ ಸಿಸೆರೋ ಎಂಬ ಪಂಡಿತನು ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಇದೇ ಉದಾಹರಣೆಯನ್ನು ಎತ್ತಿಕೊಂಡಿರುವನು. ಒಬ್ಬನ ಮನೆಯು ಅನಾರೋಗ್ಯಕರವಾದದ್ದು, ಅದರ ತೊಲೆಗಳು ಕೆಟ್ಟವು. ಅದು ಒಡೆಯನಿಗೆ ಮಾತ್ರ ಗೊತ್ತು. ಹೇಳದೆ ಮಾರಬಹುದೇ? ಡಯೋಜೆನಿಸ್ ಎಂಬ ತತ್ತ್ವಜ್ಞನದು ಪೂರ್ವಪಕ್ಷ: ಕೊಳ್ಳೆಂದು ಬಲಾತ್ಕರಿಸಲಿಲ್ಲ, ತನ್ನ ಸರಕಿನ ದೋಷವನ್ನು ತಾನೇ ಡಂಗುರ ಸಾರುವ ಮಾರಾಟಗಾರನಷ್ಟು ಮೂಢನು ಯಾರು? ಅವನ ಶಿಷ್ಯನಾದ ಆಂಟಿಪೇಟರನದು ಉತ್ತರಪಕ್ಷ: ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವದೇ ಪಾಪವು, ಗೊತ್ತಿದ್ದೂ ಒಬ್ಬನನ್ನು ತಪ್ಪುದಾರಿಗೆ ಹೋಗಗೊಡುವದು ಅದಕ್ಕಿಂತ ಹಿರಿದಾದ ಪಾಪವು. ಸಿಸೆರೋನ ನಿರ್ಣಯವು ಶಿಷ್ಯನ ಕಡೆಗಿದೆ. ಸುಮ್ಮನಿರುವದೆಲ್ಲ ಮರೆಮಾಚುವದಲ್ಲ, ಆದರೆ ತನ್ನ ಲಾಭಕ್ಕಾಗಿ, ತಿಳಿಯಬೇಕಾದವನಿಗೆ ತಿಳಿಯಬಾರದೆಂದು ಸುಮ್ಮನಿರುವದು ಮರೆಮಾಚುವದೇ ಸರಿ.

ನಮ್ಮ ಸ್ಮೃತಿಕಾರರೂ ಇದನ್ನು ಬಿಟ್ಟಿಲ್ಲ. ಕ್ರಯವಿಕ್ರಯದ ಪಶ್ಚಾತ್ತಾಪವನ್ನು ಮನುವು ಹದಿನೆಂಟು ವ್ಯವಹಾರಪದಗಳಲ್ಲಿ ಒಂದನ್ನಾಗಿ ಎಣಿಸಿರುವನು. ದುಷ್ಟವಸ್ತುವನ್ನು ಅದುಷ್ಟವೆಂಬಂತೆ ಮಾರಿದವನಿಗೆ ಯಾಜ್ಞವಲ್ಕ್ಯನು ಬೆಲೆಯ ಇಮ್ಮಡಿ ದಂಡವನ್ನು ವಿಧಿಸಿರುವನು. ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ. ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಲ್ಯನ ಅರ್ಥಶಾಸ್ತ್ರದಲ್ಲಿಯಂತೂ ಮನೆಯ ಮಾರಾಟವನ್ನು ಆ ಮನೆಯ ಎದುರಿಗೇ, ನೆರೆಯ ಕುಲದವರ ಸಮಕ್ಷಮದಲ್ಲಿ ಕೂಗಿ ಹೇಳಬೇಕೆಂದಿದೆ. ನೆರೆಯವರು ಕೇಳುತ್ತಿರುವಾಗ ಸುಣ್ಣದ ಮಾತು ಬಹಳ ಹೊತ್ತು ನಡೆಯದು. ಇಂದು ಕ್ರಯಪತ್ರವು ಕಚೇರಿಯಲ್ಲಿ ಆಗುವದು. ಗೋಡೆಯನ್ನು ಬಲ್ಲ ನೆರೆಯವರು ಅಲ್ಲಿರುವದಿಲ್ಲ.

ಇಂದಿನ ಕಾಯಿದೆಯೂ ಇದೇ ದಾರಿಯದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರದಿಂದ ಅವನು ಕಾಣಲಾರದ ಮಹತ್ತ್ವದ ದೋಷವನ್ನು ಮಾರುವವನು ಹೇಳಲೇಬೇಕು, ಹೇಳದಿರುವದು ವಂಚನೆಯೆನಿಸುವದು. ಬಾಗಿಲು ಗಿಡ್ಡವೆಂದು ಯಾರೂ ಹೇಳಬೇಕಾಗಿಲ್ಲ. ಅದು ಹಣೆಗೆ ತಾಗಿ ತಾನೇ ಹೇಳುವದು. ಸುಣ್ಣದ ಹಿಂದಿನ ಬಿರುಕನ್ನು ಮಾತ್ರ ಹೇಳಬೇಕು.

ಇಷ್ಟು ಬರೆದು ಲೇಖನಿಯನ್ನು ಕೆಳಗಿಟ್ಟಿದ್ದರೆ ನಾನು ಸುಖಿಯಾಗಿರುತ್ತಿದ್ದೆನು. ಅನ್ಯಾಯಕ್ಕೊಳಗಾದವನಿಗೆ ಧರ್ಮಶಾಸ್ತ್ರವು ಬಲು ಸುಲಭವು. ಆದರೆ ಈ ವರ್ಷ ಮಗನು ಬೆಳಗಾವಿಗೆ ಬಂದು ತನ್ನೊಡನೆ ಇರೆಂದು ಒತ್ತಾಯಿಸಿದನು. ಮನೆಯನ್ನು ಮಾರುವದೆಂದಾಯಿತು. ನಾನು ಮಾಡಿದ ಮೊದಲನೆಯ ಕೆಲಸವೇನು? ಬಿರುಕಿನಲ್ಲಿ ಸಿಮೆಂಟು ತುಂಬಿಸಿ, ಸುಣ್ಣ ಬಳಿಸಿದೆನು. ಮನೆಯನ್ನು ಚೊಕ್ಕಟ ಮಾಡುವದು ತಪ್ಪೇ ಎಂದು ಮನಸ್ಸಿಗೆ ಹೇಳಿಕೊಂಡೆನು. ನನಗೆ ಯಾರು ಹೇಳಿದರು ಎಂದೂ ಕೇಳಿಕೊಂಡೆನು. ಡಯೋಜೆನಿಸನ ವಾದಗಳೆಲ್ಲ ಯಾರೂ ಕಲಿಸದೆ ನಾಲಿಗೆಗೆ ಬಂದವು. ಮನೆಯಾಕೆಯು ಸುಣ್ಣದ ಬುಟ್ಟಿಯನ್ನು ನೋಡಿ ಇಷ್ಟೇ ಅಂದಳು: “ಬ್ಯಾಸಗ್ಯಾಗ ತೋರಸ್ತೀರೇನು? ನಮಗೂ ಬ್ಯಾಸಗ್ಯಾಗೇ ತೋರಿಸಿದ್ರು.”

ಗಿರಾಕಿಯಾಗಿ ಬಂದವನು ತರುಣ ಶಿಕ್ಷಕನು. ಸಂಗಡ ಹೆಂಡತಿಯೂ ಎತ್ತಿಕೊಂಡ ಕೂಸೂ ಇದ್ದರು. ಗೋಡೆಯನ್ನು ಮುಟ್ಟಿ ನೋಡಿ ಅವನು ಸಂತೋಷಪಟ್ಟನು. ನನ್ನ ಬಾಯಿ ತೆರೆಯಲು ಹೊತ್ತು ಹಿಡಿಯಿತು. ಚಹ ಕುಡಿದಾದ ಮೇಲೆ ಅವನನ್ನು ಈಶಾನ್ಯದ ಮೂಲೆಗೆ ಕರೆದೊಯ್ದು ಎಲ್ಲವನ್ನೂ ಹೇಳಿದೆನು. ಅವನು ನಮಸ್ಕರಿಸಿ ಹೋದನು, ಮರಳಿ ಬರಲಿಲ್ಲ. ಸತ್ಯ ನುಡಿದದ್ದಕ್ಕೆ ಹೆಚ್ಚಿನ ಬೆಲೆ ಬಂತೆಂಬ ಕಥೆಯನ್ನು ಹೇಳಲು ನನಗೂ ಆಶೆಯುಂಟು, ಆದರೆ ಹಾಗಾಗಲಿಲ್ಲ.

ಆದುದರಿಂದ ನನಗೆ ತೋಚಿದ್ದಿಷ್ಟು. ನಮಗೆ ಮೋಸವಾಯಿತೆಂಬದು ಮತ್ತೊಬ್ಬರಿಗೆ ಮೋಸ ಮಾಡಲು ಅಪ್ಪಣೆಯಲ್ಲ. ನೋವನ್ನು ಬಲ್ಲವನಿಗೆ ಅರಿಯೆನೆಂಬ ನೆವವೂ ಉಳಿಯದು. ಇಂಥ ಮನೆಯ ಜೊತೆಗೆ ಅದರ ಮೌನವೂ ಕೈಯಿಂದ ಕೈಗೆ ಮಾರಾಟವಾಗುತ್ತ ಬಂದಿರುವದು. ಯಾರಾದರೊಬ್ಬರು ನಷ್ಟವನ್ನು ತಮ್ಮಲ್ಲಿ ನಿಲ್ಲಿಸಿಕೊಂಡ ಹೊರತು ಅದು ಮುಗಿಯದು. ಮನೆಯು ಇನ್ನೂ ಮಾರಿಲ್ಲ. ವಿಚಾರಿಸಲು ಬರುವವರಿಗೆ ಭಾದ್ರಪದದಲ್ಲಿ ಬಂದು ನೋಡಿರೆಂದು ಹೇಳುತ್ತಿದ್ದೇನೆ.