ಕೊಟ್ಟ ಮಾತು, ಮುಚ್ಚಿದ ಲಕೋಟೆ

1987ರ ಮಾರ್ಚ್ ತಿಂಗಳ ಮೊದಲ ವಾರ ಟೆಕ್ಸಾಸ್ ಗವರ್ನರ್ ಬಿಲ್ ಕ್ಲೆಮೆಂಟ್ಸ್ ಪತ್ರಕರ್ತರೆದುರು ಒಂದು ವಿಚಿತ್ರ ಸಮರ್ಥನೆ ಕೊಟ್ಟರು. ಗವರ್ನರ್ ಗದ್ದುಗೆ ಏರುವ ಮುನ್ನ ಅವರು ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಅಧ್ಯಕ್ಷರಾಗಿದ್ದವರು. ಅಲ್ಲಿನ ಫುಟ್‌ಬಾಲ್ ತಂಡದ ಹುಡುಗರಿಗೆ ನಿಯಮ ಮೀರಿ ತಿಂಗಳು ತಿಂಗಳು ಗುಟ್ಟಾಗಿ ಹಣ ಸಂದಾಯವಾಗುತ್ತಿತ್ತು. 1985ರಲ್ಲಿ ಸಿಕ್ಕಿಬಿದ್ದು ಶಿಕ್ಷೆಯಾದ ಮೇಲೂ ಅದು ನಿಲ್ಲಲಿಲ್ಲ. ನಿಲ್ಲಿಸುವುದು ಬೇಡವೆಂದು ತೀರ್ಮಾನಿಸಿದವರಲ್ಲಿ ತಾನೂ ಒಬ್ಬನೆಂದು ಕ್ಲೆಮೆಂಟ್ಸ್ ಒಪ್ಪಿಕೊಂಡರು. ಹುಡುಗರಿಗೂ ಅವರ ಮನೆಯವರಿಗೂ ಮಾತು ಕೊಟ್ಟಾಗಿತ್ತು. ಹೊಸಬರಿಗೆ ಕೊಡದೆ, ಹಳಬರು ಓದು ಮುಗಿಸಿ ಹೋಗುವ ತನಕ ಮಾತ್ರ ಕೊಟ್ಟು ಮೆಲ್ಲಗೆ ಕೈಬಿಡೋಣ ಎಂಬುದು ಲೆಕ್ಕಾಚಾರ.

ಪುಣ್ಯಕೋಟಿಯ ಕತೆ ಕೇಳಿ ಬೆಳೆದವರಿಗೂ ಈ ವಾದವನ್ನು ತಳ್ಳಿಹಾಕಲು ಒಂದು ಗಳಿಗೆ ಬೇಕಾಗುತ್ತದೆ. ತಪ್ಪು ಕೆಲಸಕ್ಕೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಧರ್ಮವೇ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಕೆಲಸ ತಪ್ಪೆಂದು ಹೇಳಿದ ನಿಯಮ ನ್ಯಾಯವಾಗಿತ್ತೇ?

ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮ ಅಂತರ ಕಾಲೇಜು ಪಂದ್ಯಾಟಗಳ ಹಾಗಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಟಿವಿ ಹಕ್ಕುಗಳು ಕೋಟಿಗಟ್ಟಲೆ ಡಾಲರಿಗೆ ಮಾರಾಟವಾಗುತ್ತವೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ದುಬಾರಿ ವ್ಯಕ್ತಿ ಫುಟ್‌ಬಾಲ್ ಕೋಚ್. ಆದರೆ ಮೈದಾನದಲ್ಲಿ ಮೂಳೆ ಮುರಿದುಕೊಳ್ಳುವ ಹುಡುಗನಿಗೆ ಬಹುಕಾಲ ಸಿಗುತ್ತಿದ್ದದ್ದು ಶುಲ್ಕ, ಊಟ, ವಸತಿ ಮಾತ್ರ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಸಂಸ್ಥೆಯ ಪ್ರಕಾರ ಅವನು ಆಗ ಹವ್ಯಾಸಿ. ಆಟಕ್ಕೆ ಹಣ ಮುಟ್ಟಿದರೆ ಮೈಲಿಗೆಯಾಗುತ್ತಿತ್ತು.

ಈ ಹವ್ಯಾಸಿತನದ ಮಡಿ ಯಾರನ್ನು ಕಾಯಿತೆಂದು ತಿಳಿಯಲು ಕೊಲರಾಡೊದ ಒಂದು ಹಳೆಯ ಮೊಕದ್ದಮೆ ಸಾಕು. 1955ರಲ್ಲಿ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ ಕಾರ್ಮಿಕರಿಗೆ ಸಲ್ಲುವ ಪರಿಹಾರ ಕೇಳಿದಳು. ಅವನು ಕಾಲೇಜಿನ ನೌಕರನಲ್ಲ, ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲೂ ಇಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಅವಳ ವಿರುದ್ಧ ತೀರ್ಪಿತ್ತಿತು. ಎನ್‌ಸಿಎಎಯನ್ನು 1951ರಿಂದ 1988ರವರೆಗೆ ನಡೆಸಿ, ಈ ನಿಯಮಗಳ ಕೋಟೆ ಕಟ್ಟಿದ ವಾಲ್ಟರ್ ಬೈಯರ್ಸ್ ಅವರೇ ನಿವೃತ್ತಿಯ ನಂತರ 1995ರಲ್ಲಿ ಪುಸ್ತಕ ಬರೆದು, ಆಟಗಾರರ ಶೋಷಣೆ ನಡೆದಿದೆ ಎಂದರು. ಕುರ್ಚಿಯಲ್ಲಿದ್ದಾಗ ಬಾರದ ವಿವೇಕ ಪಿಂಚಣಿಯ ಜೊತೆ ಬರುವುದು ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ, ಬಿಡಿ.

ನಿಯಮ ಅನ್ಯಾಯವೆಂದಾದರೆ ಅದನ್ನು ಮುರಿದದ್ದು ಪಾಪವಲ್ಲ ಎನ್ನಬಹುದೆ? ಅನ್ಯಾಯದ ಕಾನೂನು ಕಾನೂನೇ ಅಲ್ಲವೆಂಬ ವಿಚಾರ ಕ್ರೈಸ್ತ ಚಿಂತನೆಯಲ್ಲಿ ಅಗಸ್ಟೀನನಷ್ಟು ಹಳೆಯದು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅದನ್ನೇ ಎತ್ತಿ ಹಿಡಿದರು. ಆದರೆ ಒಂದು ಷರತ್ತು ಹಾಕಿದರು: ಮುರಿಯುವವನು ಬಹಿರಂಗವಾಗಿ ಮುರಿಯಬೇಕು, ಅದರ ಶಿಕ್ಷೆಗೂ ತಲೆಯೊಡ್ಡಬೇಕು. ಇಡೀ ಪ್ರಶ್ನೆ ಇತ್ಯರ್ಥವಾಗುವುದು ಈ ಷರತ್ತಿನಲ್ಲಿ.

ಡಲ್ಲಾಸ್‌ನಲ್ಲಿ ನಡೆದದ್ದಕ್ಕೆ ಈ ಒರೆಗಲ್ಲು ಹಚ್ಚಿ ನೋಡಬೇಕು. 1986ರ ನವೆಂಬರ್‌ನಲ್ಲಿ ಅಲ್ಲಿನ ಟಿವಿ ವಾಹಿನಿಯೊಂದು ಮಾಜಿ ಆಟಗಾರನೊಬ್ಬನನ್ನು ಮಾತಾಡಿಸಿತು. ಸೇರಿಕೊಳ್ಳಲು ತನಗೆ 25,000 ಡಾಲರ್ ಕೊಟ್ಟರು, ಆಮೇಲೆ ತಿಂಗಳಿಗಿಷ್ಟೆಂದು ಕಳಿಸುತ್ತಿದ್ದರು ಎಂದು ಅವನು ಹೇಳಿದ. ವರದಿಗಾರ ಡೇಲ್ ಹ್ಯಾನ್ಸನ್ ವಿಶ್ವವಿದ್ಯಾಲಯದ ಕ್ರೀಡಾ ಕಚೇರಿಗೆ ಹೋಗಿ, ಕ್ಯಾಮೆರಾ ಓಡುತ್ತಿರುವಾಗಲೇ, ಆ ಹಣ ಬಂದಿತ್ತೆನ್ನಲಾದ ಲಕೋಟೆಯೊಂದನ್ನು ಆಟಗಾರರ ನೇಮಕಾತಿ ನೋಡಿಕೊಳ್ಳುತ್ತಿದ್ದ ಅಧಿಕಾರಿಯ ಕೈಗಿತ್ತರು. ಮೇಲಿದ್ದ ಹೆಸರಿನ ಮೊದಲಕ್ಷರಗಳು ತನ್ನವೇ ಎಂದು ಆತ ಮೊದಲು ಒಪ್ಪಿದ. ಮಾತು ಹಣದ ಕಡೆ ಹೊರಳಿತು. ಆಗ ಅದೇ ಅಕ್ಷರಗಳ ಮೇಲೆ ಅವನಿಗೆ ಅನುಮಾನ ಶುರುವಾಯಿತು. ಪಕ್ಕದಲ್ಲಿ ಕೋಚ್, ಕ್ರೀಡಾ ನಿರ್ದೇಶಕರು ಕೂತೇ ಇದ್ದರು.

ಎನ್‌ಸಿಎಎ ತನಿಖೆಯಲ್ಲಿ ಹೊರಬಿದ್ದ ಮೊತ್ತ ಅಂಥ ದೊಡ್ಡದೇನಲ್ಲ. 13 ಆಟಗಾರರಿಗೆ ಒಟ್ಟು ಸುಮಾರು 61,000 ಡಾಲರ್. ತಲಾ ತಿಂಗಳಿಗೆ 50ರಿಂದ 725 ಡಾಲರ್. ಹಣ ಹಾಕಿದ್ದು ತಂಡದ ಹುಚ್ಚಿನ ಶ್ರೀಮಂತ ಪೋಷಕ. ಅಂಥವರನ್ನು ಅಲ್ಲಿ ಬೂಸ್ಟರ್ ಎನ್ನುತ್ತಾರೆ. ಶಿಕ್ಷೆ ಮಾತ್ರ ಕಾಲೇಜು ಫುಟ್‌ಬಾಲ್ ಹಿಂದೆಂದೂ ಕಾಣದ್ದು: 1987ರ ಇಡೀ ಋತು ರದ್ದು, 1988ರಲ್ಲಿ ತವರಿನ ಪಂದ್ಯಗಳಿಲ್ಲ. ಆ ವರ್ಷವೂ ಆಡದಿರಲು ವಿಶ್ವವಿದ್ಯಾಲಯವೇ ನಿರ್ಧರಿಸಿತು. ಜನ ಇದನ್ನು ಮರಣದಂಡನೆ ಎಂದೇ ಕರೆದರು. ತಂಡ ಒಡೆದ ಸುದ್ದಿ ಕೇಳಿದ್ದೇ ತಡ, ಬೇರೆ ಕಾಲೇಜುಗಳ ಕೋಚ್‌ಗಳು ಕ್ಯಾಂಪಸ್ಸಿಗೆ ಬಂದಿಳಿದು ಆಟಗಾರರನ್ನು ಆರಿಸಿಕೊಂಡು ಹೋದರು. ಏನೂ ಅರಿಯದ ಹುಡುಗರು ಚೆಲ್ಲಾಪಿಲ್ಲಿಯಾದರೆ ಕ್ಲೆಮೆಂಟ್ಸ್ ಅವಧಿ ಮುಗಿಯುವವರೆಗೆ ಗವರ್ನರ್ ಆಗಿಯೇ ಇದ್ದರು.

ಅವರ ಕೊಟ್ಟ ಮಾತಿನ ವಾದ ಕುಸಿಯುವುದು ಇಲ್ಲೇ. ಹುಡುಗರಿಗೆ ಕೊಟ್ಟದ್ದು ಒಂದು ಮಾತು. ನಿಯಮ ಪಾಲಿಸುತ್ತೇವೆಂದು ಎನ್‌ಸಿಎಎಗೆ ಕೊಟ್ಟದ್ದೂ ಮಾತೇ. ನಿಯಮ ತಪ್ಪೆಂದು ಅನ್ನಿಸಿದ್ದರೆ ಸಮ್ಮೇಳನದಲ್ಲಿ ಎದ್ದು ನಿಂತು ಹೇಳಬಹುದಿತ್ತು, ಸಂಸ್ಥೆಯಿಂದ ಹೊರಬರಬಹುದಿತ್ತು. ಎರಡನ್ನೂ ಮಾಡದೆ ಬೇರೆ ತಂಡಗಳು ನಿಯಮಕ್ಕೆ ಕಟ್ಟುಬಿದ್ದು ಆಡಲಿ, ನಾವು ಗುಟ್ಟಾಗಿ ಕೊಟ್ಟು ಗೆಲ್ಲೋಣ ಎಂದರು. ನಿಯಮ ಉಳಿದಿದ್ದರಷ್ಟೇ ಈ ಲಾಭ! ಹಣ ನಿಂತರೆ ಹುಡುಗರು ಬಾಯಿ ಬಿಟ್ಟಾರೆಂಬ ಭಯವೂ ಆ ವಚನಪಾಲನೆಯ ಹಿಂದೆ ಇರಲಿಲ್ಲವೆಂದು ನಂಬುವುದು ಕಷ್ಟ.

ಇದೇ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ದಾರಿ ಹಿಡಿದವರೂ ಇದ್ದರು. 1972ರಲ್ಲಿ ಅಧ್ಯಕ್ಷರಾಗಿ ಬಂದ ಪಾಲ್ ಹಾರ್ಡಿನ್, ಫುಟ್‌ಬಾಲ್ ತಂಡದಲ್ಲಿ ನಿಯಮ ಮುರಿದದ್ದು ಗೊತ್ತಾದಾಗ ತಾವಾಗಿಯೇ ಎನ್‌ಸಿಎಎಗೆ ತಿಳಿಸಿದರು. 1974ರಲ್ಲಿ ಅವರು ಒತ್ತಡಕ್ಕೆ ಸಿಲುಕಿ ಹುದ್ದೆ ಬಿಡಬೇಕಾಯಿತು. ಅವರ ತಂದೆ ಮೆಥಡಿಸ್ಟ್ ಬಿಷಪ್; ಕಿಂಗ್ ಜೈಲಿನಿಂದ ಪತ್ರ ಬರೆದದ್ದು ಯಾವ ಎಂಟು ಧರ್ಮಗುರುಗಳಿಗೋ, ಅವರಲ್ಲಿ ಆ ಬಿಷಪ್ ಹಾರ್ಡಿನ್ ಕೂಡ ಒಬ್ಬರು. ಹಗರಣ ಪೂರ್ತಿ ಬಯಲಾದ ಮೇಲೆ, 1987ರಲ್ಲಿ, ಮೆಥಡಿಸ್ಟ್ ಬಿಷಪ್‌ಗಳ ಸಮಿತಿಯೇ ತನಿಖೆಗೆ ಇಳಿದು ವರದಿ ಕೊಟ್ಟಿತು. ಧರ್ಮದ ಹೆಸರು ಹೊತ್ತ ಸಂಸ್ಥೆ ಸತ್ಯ ಹೇಳಿದವನನ್ನು ಕಳಿಸಿದ ಹದಿಮೂರು ವರ್ಷಗಳ ನಂತರದ ಮಾತಿದು.

ಮಹಾಭಾರತದ ಉದ್ಯೋಗ ಪರ್ವದಲ್ಲಿ ಇಂಥದೇ ನೇಮಕಾತಿಯ ಪ್ರಸಂಗವಿದೆ. ಮಾದ್ರಿಯ ಅಣ್ಣ ಶಲ್ಯ ಪಾಂಡವರ ಪಕ್ಷ ಸೇರಲು ಸೈನ್ಯ ಸಮೇತ ಹೊರಟಿದ್ದಾನೆ. ದುರ್ಯೋಧನ ದಾರಿಯುದ್ದಕ್ಕೂ ಮಂಟಪ ಕಟ್ಟಿಸಿ, ಊಟೋಪಚಾರ ನಡೆಸಿ, ಯಾರು ಮಾಡಿಸಿದ್ದೆಂದು ಹೇಳದೆ ಮರೆಯಲ್ಲಿರುತ್ತಾನೆ. ಉಪಚಾರಕ್ಕೆ ಮನಸೋತ ಶಲ್ಯ ವರ ಕೊಡಲು ಮುಂದಾಗುತ್ತಾನೆ, ಮಾತಿಗೆ ಸಿಕ್ಕಿ ಕೌರವರ ಪಾಲಾಗುತ್ತಾನೆ. ವ್ಯಾಸರು ಇಷ್ಟಕ್ಕೇ ನಿಲ್ಲಿಸುವುದಿಲ್ಲ. ಧರ್ಮರಾಜ ಅದೇ ಶಲ್ಯನನ್ನು ಕಂಡು, ಇದು ಮಾಡಬಾರದ್ದೆಂದು ತಾನೇ ಒಪ್ಪಿಕೊಳ್ಳುತ್ತಲೇ, ಕರ್ಣನ ಸಾರಥಿಯಾದಾಗ ಅವನ ತೇಜಸ್ಸು ಕುಂದಿಸಬೇಕೆಂದು ಕೇಳಿಕೊಳ್ಳುತ್ತಾನೆ. ಎರಡೂ ಕಡೆಯವರೂ ಮೋಸ ಮಾಡಿದರು. ಅದರಿಂದ ಮೋಸ ಧರ್ಮವಾಯಿತೆಂದು ಮಾತ್ರ ಕಾವ್ಯ ಎಲ್ಲೂ ಹೇಳುವುದಿಲ್ಲ. ‘ಎಲ್ಲರೂ ಕೊಡುತ್ತಿದ್ದರು’ ಎಂಬ ಟೆಕ್ಸಾಸ್ ಬೂಸ್ಟರ್‌ಗಳ ಸಮಾಧಾನಕ್ಕೆ ಉತ್ತರ ಬೇಕಿದ್ದರೆ ಇದೇ ಸಾಕು.

ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಗೆರೆ ಇನ್ನೂ ಸ್ಪಷ್ಟವಾಗಿದೆ. ಅಲ್ಲಿನ ಆಟಗಾರರು ತಾವು ಗೆದ್ದ ಉಂಗುರ, ಅಂಗಿಗಳನ್ನು ಕೊಟ್ಟು ಹಚ್ಚೆ ಹಾಕಿಸಿಕೊಂಡರು, ಹಣ ಪಡೆದರು. ಸ್ವಂತ ವಸ್ತುವನ್ನು ಮಾರಿದ್ದಕ್ಕೆ ಐವರಿಗೆ ಐದೈದು ಪಂದ್ಯಗಳ ನಿಷೇಧ. ಕೋಚ್ ಜಿಮ್ ಟ್ರೆಸೆಲ್ ಅವರಿಗೆ 2010ರ ಏಪ್ರಿಲ್‌ನಲ್ಲೇ ಈಮೇಲ್ ಮೂಲಕ ವಿಷಯ ಗೊತ್ತಿತ್ತು. ಆದರೂ ಸೆಪ್ಟೆಂಬರ್‌ನಲ್ಲಿ, ಗೊತ್ತಿರುವ ಉಲ್ಲಂಘನೆಗಳನ್ನೆಲ್ಲ ತಿಳಿಸಿದ್ದೇನೆಂಬ ಪತ್ರಕ್ಕೆ ಸಹಿ ಹಾಕಿದರು. 2011ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಹುಡುಗರು ಮುರಿದದ್ದು ಸಂಸ್ಥೆಯೊಂದು ಬರೆದ ನಿಯಮ. ಕೋಚ್ ಮುರಿದದ್ದು ಯಾವ ಸಂಸ್ಥೆಯೂ ಬರೆಯಬೇಕಿಲ್ಲದ್ದು.

ಆಮೇಲೆ ನಿಯಮವೇ ಬದಲಾಯಿತು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದಾಯಿತು. ಹಣ, ಸವಲತ್ತು ಪಡೆದ ಆರೋಪದಲ್ಲಿ 2010ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿ ಕಳೆದುಕೊಂಡಿದ್ದ ಆಟಗಾರ ರೆಜಿ ಬುಷ್‌ಗೆ 2024ರ ಏಪ್ರಿಲ್‌ನಲ್ಲಿ ಅದನ್ನು ಹಿಂದಿರುಗಿಸಿದರು. ಸದರ್ನ್ ಮೆಥಡಿಸ್ಟ್‌ನ ಬೂಸ್ಟರ್‌ಗಳು 2023ರಲ್ಲಿ ತಂಡ ದೊಡ್ಡ ಲೀಗಿಗೆ ಏರಲೆಂದು ಒಂದೇ ವಾರದಲ್ಲಿ 10 ಕೋಟಿ ಡಾಲರ್ ಕೂಡಿಸಿದರು, ರಾಜಾರೋಷವಾಗಿ. ನಿಯಮ ಬದಲಾದಾಗ ಹಣ ಮುಟ್ಟಿದ ಹುಡುಗರ ಕಳಂಕ ತೊಳೆದುಹೋಯಿತು, ತೊಳೆಯಬೇಕಾದದ್ದೇ. ಸುಳ್ಳು ಸಹಿ ಹಾಕಿದವರ ಕಳಂಕವನ್ನು ಯಾವ ತಿದ್ದುಪಡಿಯೂ ತೊಳೆಯಲಾರದು.

2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ತಮ್ಮ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಆ ಮಿತಿಯನ್ನು ದಾಟಲು ಜಾಹೀರಾತಿನ ನೆಪದಲ್ಲಿ ಹಣ ಕೊಡುವವರಿದ್ದಾರೆಂದು ಹೊಸದೊಂದು ಆಯೋಗವನ್ನೂ ಸ್ಥಾಪಿಸಿದ್ದಾರೆ. 600 ಡಾಲರ್ ಮೀರಿದ ಪ್ರತಿ ಕರಾರನ್ನೂ ಆಟಗಾರರು ಅಲ್ಲಿ ತೋರಿಸಬೇಕು. ಅದು ನಿಜವಾದ ಜಾಹೀರಾತೋ, ಹಳೆಯ ಲಕೋಟೆಯೋ ಎಂದು ಪರೀಕ್ಷಿಸುವುದು ಆಯೋಗದ ಕೆಲಸ.