ಯೂಸುಫರು ಕಳುಹಿಸಿದ ಅಂಗಿ



ಮಗ ಯೂಸುಫ್(ಅ)ರ ಅಗಲಿಕೆಯಲ್ಲಿ ಪ್ರವಾದಿ ಯಾಕೂಬ್(ಅ)ರು ದುಃಖದಿಂದ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಅವರ ಈಮಾನಿನಲ್ಲಿ ಕೊರತೆಯಿತ್ತೇ? ಖಂಡಿತ ಇಲ್ಲ. ಆದ್ದರಿಂದ ಊರಿನಲ್ಲಿ ಉಮ್ಮ ನಿದ್ದೆಗೆಟ್ಟು ಕೂತರೆ, ಬಾಪ ಊಟ ಬಿಟ್ಟು ಮೌನವಾದರೆ, “ವಯಸ್ಸಾಯಿತು, ಸಬ್ರ್ ಇಲ್ಲ” ಎಂದು ತಳ್ಳಿಹಾಕಬೇಡಿ.

ಯೂಸುಫ್(ಅ)ರು ಈಜಿಪ್ಟಿನಲ್ಲಿದ್ದುಕೊಂಡೇ ಸಹೋದರರ ಕೈಯಲ್ಲಿ ತಮ್ಮ ಅಂಗಿಯನ್ನು ತಂದೆಗೆ ಕಳುಹಿಸಿದರು. ಅಲ್ಲಾಹನು ದೃಷ್ಟಿಯನ್ನು ಮರಳಿಸಿದನು. ದೂರದಲ್ಲಿರುವ ಮಗನಿಗೂ ಮಾಡಲು ಕೆಲಸವಿದೆ.

ನಾವು ತಿಂಗಳು ತಿಂಗಳು ಹಣ ಕಳುಹಿಸುತ್ತೇವೆ. ಈ ರಮಝಾನಿನಲ್ಲಿ ಇಫ್ತಾರ್ ಬಳಿಕ ಫೋನ್ ಮಾಡಿದಾಗ, “ಹಣ ಬಂತಾ?” ಎನ್ನುವ ಮೊದಲು “ರಾತ್ರಿ ನಿದ್ದೆ ಬರುತ್ತಾ ಉಮ್ಮಾ?” ಎಂದು ಕೇಳಿ. ಅವರು ಮಾತು ಮುಗಿಸುವವರೆಗೆ ಕೇಳಿಸಿಕೊಳ್ಳಿ. ಎರಡು ವಾರವಾದರೂ ಬೇಸರ ಹೋಗದಿದ್ದರೆ, ಮನೆಯಲ್ಲಿರುವ ತಮ್ಮನೋ ತಂಗಿಯೋ ಅವರ ಪಕ್ಕದಲ್ಲಿ ಕುಳಿತು ಸರಕಾರದ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಲಿ. ಅದು ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು. ಮೊದಲು ಆಪ್ತ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರ ಸಂಪರ್ಕ ಕೊಡಿಸುತ್ತಾರೆ. “ಬದುಕು ಸಾಕಾಯಿತು” ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ.

ದುಆ ಮಾಡಿ, ಮದ್ದನ್ನೂ ಮಾಡಿಸಿ. ಇದು ತವಕ್ಕುಲಿಗೆ ವಿರುದ್ಧವಲ್ಲ.

ನಮ್ಮನ್ನು ಕಾಯುತ್ತಿರುವ ಹೆತ್ತವರ ಮನಸ್ಸಿಗೆ ಅಲ್ಲಾಹನು ನೆಮ್ಮದಿ ಕರುಣಿಸಲಿ. ಆಮೀನ್.